ಎಡಗೈ ಸುತ್ತು

ಪೈಸಾಂದು ಊರಿನ ಮೂರು ಗ್ಯಾರೇಜಿನವರು
ನನ್ನ ಡೈನಮೋವನ್ನು ಮುಟ್ಟಿಯೂ ನೋಡಲಿಲ್ಲ.
ಮೊದಲನೆಯವನು ನಕ್ಕ.
ಎರಡನೆಯವನು, ಇನ್ನೂ ಮೀಸೆ ಬಲಿಯದ ಹುಡುಗ, ಕೇಳಿದ:
"ಇದೇನು, ನೀರೆತ್ತುವ ಪಂಪೆ?"
ಮೂರನೆಯವನು ಒಳ್ಳೆಯವ. ಹೊಸ ಆಲ್ಟರ್ನೇಟರಿನ
ಬೆಲೆ ಹೇಳಿ, ನನ್ನ ಮುಖ ನೋಡಿ,
ಆಮೇಲೆ ಬೆಲೆ ಇಳಿಸಿದ.

ಐವತ್ತೊಂದರ ಆಸ್ಟಿನ್ ಟ್ರಕ್ಕು.
ಅಪ್ಪನಿಂದ ಬಂದದ್ದು, ಜೇನುಪೆಟ್ಟಿಗೆಗಳ ಜೊತೆ.
ಪೆಟ್ಟಿಗೆ ಹೊತ್ತು ರಾತ್ರಿಯೇ ಹೊರಡಬೇಕು,
ಹಗಲು ಹೊರಟರೆ ಅರ್ಧ ಹುಳ ಹೊಲದಲ್ಲೇ ಉಳಿಯುತ್ತವೆ.
ದೀಪವಿಲ್ಲದ ಗಾಡಿಯಲ್ಲಿ ರಾತ್ರಿ ಹೋಗುವುದು ಹೇಗೆ?
ಒಂದು ವಾರ ಚಂದ್ರನನ್ನು ನಂಬಿದೆ.
ಆಮೇಲೆ ಅವನೂ ಕೈಬಿಟ್ಟ.

ದಾರಿ ಹೇಳಿದ್ದು, ಹೊಲಿಗೆ ಮಿಷನ್ನಿನ ಮೋಟಾರು
ಅಲ್ಲಿ ರಿಪೇರಿ ಮಾಡಿಸಿದ್ದ ದರ್ಜಿ ಹೆಂಗಸು:
"ರೈಲು ನಿಲ್ದಾಣದ ಹಿಂದೆ. ಬೋರ್ಡಿಲ್ಲ.
ವಾರ್ನಿಶ್ ವಾಸನೆ ಬಂದಲ್ಲಿ ನಿಲ್ಲು.
ಬೆಂತಾಂಕೋರ್ ಅಂತ ಕರೆ. ಕಿವಿ ಮಂದ, ಎರಡು ಸಲ ಕರೆ.
ಊಟವಾದ ಮೇಲೆ ಹೋಗಬೇಡ, ಮಲಗಿರ್ತಾನೆ."

ಒಳಗೆ ತಾಮ್ರದ ತಂತಿಯ ಉರುಳೆಗಳು,
ಒಂದರ ಮೇಲೆ ಬೆಕ್ಕು,
ಇನ್ನೊಂದರ ಮೇಲೆ ಯೆರ್ಬಾ ಕಷಾಯದ ಸೋರೆಬುರುಡೆ.
ಡೈನಮೋವನ್ನು ಕುಂಬಳಕಾಯಿಯಂತೆ ಅಂಗೈಯಲ್ಲಿ ತೂಗಿ ನೋಡಿದ.
ಎರಡು ಉದ್ದ ಬೋಲ್ಟು ಬಿಚ್ಚಿ ಆರ್ಮೇಚರ್ ಹೊರಗೆಳೆದ,
ಗುಂಯ್‌ಗುಡುವ ಯಂತ್ರವೊಂದರ ಮೇಲಿಟ್ಟ,
ಹ್ಯಾಕ್ಸಾ ಬ್ಲೇಡು ಅದರ ಬೆನ್ನಿಗೆ ಹಿಡಿದು ನಿಧಾನ ತಿರುಗಿಸಿದ.
ಸುತ್ತು ಸುಟ್ಟಿದ್ದರೆ ಬ್ಲೇಡು ನಡುಗುತ್ತದಂತೆ.
ನಡುಗಲಿಲ್ಲ.
"ರಾಣಿ ಇರುವ ಪೆಟ್ಟಿಗೆಯೂ ಹೀಗೇ ಗುಂಯ್ ಅನ್ನುತ್ತದೆ," ಅಂದೆ.
ಅವನಿಗೆ ಕೇಳಿಸಲಿಲ್ಲ. ಬೆರಳಲ್ಲಿ ಆಲಿಸುತ್ತಿದ್ದ.

ಕನ್ನಡಕ ಹಾಕಿಕೊಂಡ. ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ.
"ಯಾರು ಸುತ್ತಿಸಿದ್ದು ಇದನ್ನ?"
"ಅಪ್ಪ. ಎಪ್ಪತ್ತನಾಲ್ಕಿರಬೇಕು. ನಾನಾಗ ಚಿಕ್ಕವಳು."
ಕೊನೆಯ ಗಂಟಿಗೆ ಉಗುರು ತಾಗಿಸಿದ:
"ನಾವೆಲ್ಲ ಹೀಗೆ ಕಟ್ಟುತ್ತೇವೆ. ಇದು ಹಾಗಿದೆ.
ಎಡಗೈಯಲ್ಲಿ ಸುತ್ತುತ್ತಿದ್ದವಳು ಈ ಊರಲ್ಲಿ ಒಬ್ಬಳೇ."

ದೆಲ್ಮಿರಾ. ಬೆಂಚಿನ ಆ ತುದಿ ಅವಳದು.
ಲೆಕ್ಕ ತಪ್ಪೀತೆಂದು ಸುತ್ತುವಾಗ ಮಾತಾಡುತ್ತಿರಲಿಲ್ಲ;
ಸುತ್ತದಿರುವಾಗ ಬಹಳ ಮಾತಾಡುತ್ತಿದ್ದಳು,
ಅದೇ ಮುಳುವಾಯಿತು.
ಒಂದು ಗುರುವಾರ ರಾತ್ರಿ ನದಿ ದಾಟಿದಳು.
ದಾಟಿದವರ ಹೆಸರನ್ನು ಆ ವರ್ಷಗಳಲ್ಲಿ
ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.
ಆಮೇಲೆ ಹೇಳಬಹುದಾದ ಕಾಲ ಬಂತು.
ಅಷ್ಟರಲ್ಲಿ ನಾಲಿಗೆಗೆ ರೂಢಿ ತಪ್ಪಿತ್ತು.

ಕೆಟ್ಟದ್ದು ಇಷ್ಟೇ: ಸವೆದ ಬ್ರಷ್ಷು ಎರಡು,
ಬೆಸುಗೆ ಬಿಟ್ಟ ತಂತಿಯ ತುದಿ ಒಂದು.
ಅಕ್ಕಿಕಾಳಿನಷ್ಟು ಸೀಸ ಇಟ್ಟ.
ವಾರ್ನಿಶ್ ಡಬ್ಬಿ ತೆರೆದು, ಕುಂಚ ಹಿಡಿದು,
ಅದ್ದದೆ ಕೂತ. ಬೆಕ್ಕು ಎದ್ದು ಹೋಯಿತು.
"ಹಚ್ಚಿದರೆ ಗಂಟು ಕಾಣೋದಿಲ್ಲ," ಅಂದ,
ನನಗಲ್ಲ.
ಆಮೇಲೆ ಹಚ್ಚಿದ, ದಪ್ಪಗೆ, ಎರಡು ಸಲ.
"ಹಚ್ಚದೆ ಕಳಿಸಿದ್ದರೆ ಬಯ್ಯುತ್ತಿದ್ದಳು. ನಾಳೆ ಬಾ, ಒಣಗಬೇಕು."
ಬ್ರಷ್ಷಿನ ದುಡ್ಡು ತೆಗೆದುಕೊಂಡ. ಬೇರೇನೂ ಇಲ್ಲ.

ಮಾರನೆಯ ರಾತ್ರಿ, ಹಿಂದೆ ಮೂವತ್ತು ಪೆಟ್ಟಿಗೆ,
ಅಮ್ಮೀಟರಿನ ಮುಳ್ಳು ಎದ್ದು ನಿಂತಿತ್ತು.
ಎದುರಿನ ಲಾರಿಯವನು ದೀಪ ಮಿಣುಕಿಸಿ, ಕಿಟಕಿಯಿಂದ ತಲೆ ಹಾಕಿ ಬೈದ:
"ತಗ್ಗಿಸು ಮಾರಾಯ್ತಿ, ಕಣ್ಣು ಕುಕ್ಕುತ್ತೆ!"

ತಗ್ಗಿಸಿದೆ,
ಅವನು ದಾಟಿ ಹೋದ ಮೇಲೆ.