ನಾನೂರ ಹನ್ನೆರಡು, ನಾನೂರ ಹನ್ನೆರಡು

ಆಗ ನನಗೆ ಆರು ವರ್ಷ.
ಅಮ್ಮ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಕಸ ಗುಡಿಸುತ್ತಿದ್ದಳು,
ಎಣಿಕೆಯ ದಿನ ರಜೆ ಸಿಗಲಿಲ್ಲ, ನನ್ನನ್ನೂ ಕರೆದುಕೊಂಡು ಹೋದಳು.
ಹನ್ನೊಂದನೇ ವಾರ್ಡು ಸಮ ಸಮ ನಿಂತುಬಿಟ್ಟಿತು:
ನಾನೂರ ಹನ್ನೆರಡು, ನಾನೂರ ಹನ್ನೆರಡು.
ಮೂರು ಸಲ ಎಣಿಸಿದರೂ ಅಷ್ಟೇ.
ಹಾರ ತಂದವರು ಹಾರ ತೋಳಿಗೆ ಹಾಕಿಕೊಂಡು ಬೀಡಿ ಹಚ್ಚಿದರು.
"ಮಗು ಯಾವುದಾದ್ರೂ ಇದ್ಯೇನ್ರೀ ಇಲ್ಲಿ?" ಅಂದರು ಸಾಹೇಬರು.
ಇತ್ತು. ಬಾಗಿಲ ಹಿಂದೆ, ಕಮರ್‌ಕಟ್ ಚೀಪುತ್ತಾ.

ಪಿಳ್ಳಮ್ಮ ಚುನಾವಣೆಗೆ ನಿಂತದ್ದೇ ಕೈತಪ್ಪಿನಿಂದ.
ವಾರ್ಡು ಹೆಂಗಸರಿಗೆ ಮೀಸಲಾಗಿ
ಫಿಲೇಚರ್ ವೆಂಕಟರವಣಪ್ಪ ಹೆಂಡತಿಯನ್ನು ನಿಲ್ಲಿಸಿದ.
ಹಿಂದಕ್ಕೊಂದು ಇರಲಿ ಅಂತ
ಬೇಸಿನ್ ಮುಂದೆ ಕೂತಿದ್ದ ಇವಳ ಹೆಬ್ಬೆಟ್ಟನ್ನು
ಒದ್ದೆ ಒರೆಸಿ ಇನ್ನೊಂದು ಅರ್ಜಿಗೆ ಒತ್ತಿಸಿದ.
ಪರಿಶೀಲನೆಯಲ್ಲಿ ಹೆಂಡತಿಯ ಅರ್ಜಿ ಬಿತ್ತು:
ಮತದಾರರ ಪಟ್ಟಿಯಲ್ಲಿ ಆಕೆ ಇನ್ನೂ
ಚಿಂತಾಮಣಿಯ ತವರುಮನೆಯಲ್ಲೇ ಇದ್ದಳು.
ಉಳಿದವಳು ಇವಳು.
ಡಮ್ಮಿ ಪಿಳ್ಳಮ್ಮ, ಅಂದಿತು ಊರು.
ಗುರುತು ಸೀಲಿಂಗ್ ಫ್ಯಾನು. ಮನೆಯಲ್ಲಿ ಕರೆಂಟೇ ಇರಲಿಲ್ಲ.

ಸ್ಟೀಲ್ ಡಬ್ಬಿಯೊಳಗೆ ಕೈ ಹಾಕಿದೆ.
ಇದನ್ನು ಯಾರಿಗೂ ಹೇಳಿಲ್ಲ:
ಬೆಲ್ಲದ ಅಂಟಿಗೆ ಎರಡು ಚೀಟಿಯೂ ಹತ್ತಿಕೊಂಡವು.
ಒಳಗೇ ಬೆರಳು ಕೊಡವಿದೆ.
ಉದುರಿದ್ದು ಉದುರಿತು,
ಉಳಿದದ್ದು ನಗರಸಭೆಗೆ ಹೋಯಿತು.

ಮೊದಲ ವರ್ಷ ವೆಂಕಟರವಣಪ್ಪನೇ ಸದಸ್ಯ, ಇವಳದು ಹೆಬ್ಬೆಟ್ಟು.
ಮೀಟಿಂಗಿಗೆ ಹೋದ ದಿನ ಅರ್ಧ ಕೂಲಿ ಹಿಡಿಯುತ್ತಿದ್ದ,
ಬೇಸಿನ್ ಬಿಟ್ಟು ಎದ್ದದ್ದಕ್ಕೆ.
ಹತ್ತು ವರ್ಷದ ಹುಡುಗಿಯಿಂದ
ಕುದಿನೀರಲ್ಲಿ ಗೂಡಿನ ಎಳೆ ಹುಡುಕಿದ ಬೆರಳು ಅವು.
ಓದು ಬಾರದು. ನೂಲು ಎಂಟು ಗೂಡಿನದೋ ಒಂಬತ್ತರದೋ
ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಾಳೆ.
ಒಂದು ದಿನ ಚರಂಡಿ ಬಿಲ್ಲು ಮುಂದಿಟ್ಟರಂತೆ.
ಅಂಚನ್ನು ಎರಡು ಬೆರಳಲ್ಲಿ ಹೊಸೆದಳಂತೆ.
"ಇದು ಒಂದಲ್ಲಣ್ಣೋ, ಎರಡವೆ."
ಅಡಿಯಲ್ಲಿ ಇನ್ನೊಂದು ಹಾಳೆ, ಅದರಲ್ಲಿ ಇನ್ನೊಂದು ಚರಂಡಿ,
ಊರಲ್ಲೆಲ್ಲೂ ಹರಿಯದ್ದು.
"ಓದಿ ಹೇಳ್ರಪ್ಪ," ಅಂದಳು.
ಅವತ್ತಿನಿಂದ ಪ್ರತಿ ಹಾಳೆಗೂ ಅದೇ: ಓದಿ ಹೇಳ್ರಪ್ಪ.
ನಾಲ್ಕಕ್ಕೆ ಮುಗಿಯುತ್ತಿದ್ದ ಸಭೆ
ರಾತ್ರಿ ಎಂಟಕ್ಕೂ ಕಾಫಿ ತರಿಸತೊಡಗಿತು.

ಎರಡನೇ ಸಲ ವಾರ್ಡು ಜನರಲ್. ಅವನೇ ನಿಂತ.
ಕೆಲಸದಿಂದ ತೆಗೆದಿದ್ದ, ಮತದಿಂದಲೂ ತೆಗೆದ:
ಹತ್ತೊಂಬತ್ತರ ಸೋಲು.
ಮೂರನೇ ಸಲ ವಾರ್ಡನ್ನೇ ಕುಯ್ದರು.
ಇವಳ ಬೀದಿಯ ಎಡಸಾಲು ಹನ್ನೊಂದಕ್ಕೆ, ಬಲಸಾಲು ಹದಿಮೂರಕ್ಕೆ.
ಎರಡು ಸಾಲಿನವರೂ ನಲ್ಲಿಯ ದೂರು ತರುತ್ತಿದ್ದದ್ದು
ಇವಳ ಜಗಲಿಗೇ.
ಮತ ಮಾತ್ರ ಅರ್ಧ.
ನಾಲ್ಕನೇ ಸಲ ಗೆದ್ದಳು. ಎಷ್ಟರಿಂದ ಅಂತ ಕೇಳಿದರೆ
"ಡಬ್ಬಿ ಬೇಕಾಗ್ಲಿಲ್ಲ" ಅನ್ನುತ್ತಾಳೆ.

ಇವತ್ತು ಐದನೇದು. ಶಾಲೆಯ ಟೀಚರು ನಾನು,
ಮತಗಟ್ಟೆಯಲ್ಲಿ ಶಾಯಿ ಹಚ್ಚುವ ಕೆಲಸ.
ಎಡಗೈ ತೋರುಬೆರಳು ಚಾಚಿದಳು.
ಬೆಂದ ಚರ್ಮ, ಶಾಯಿ ನಿಲ್ಲುವುದಿಲ್ಲ,
ಗೆರೆಗೆರೆಯಲ್ಲಿ ಓಡಿಹೋಗುತ್ತದೆ.
ಮತ್ತೆ ಹಚ್ಚಿದೆ.
"ಗಟ್ಟಿ ಹಿಡಿಯಮ್ಮ, ನಿನ್ ಕೈ ನಡುಗ್ತದೆ."
ಹೇಳಿಬಿಡಲೇ ಅನಿಸಿತು. ಸಾಲು ಬಾಗಿಲು ದಾಟಿ ಬಿಸಿಲಿಗಿಳಿದಿತ್ತು,
ಏಜೆಂಟರು ಮೂವರೂ ನೋಡುತ್ತಿದ್ದರು.
ನನ್ನ ಬೆರಳ ತುದಿಯನ್ನು ಅವಳು
ಒಂದು ಸಲ ಹೊಸೆದು ನೋಡಿದಳು, ಹಾಳೆಯಂಚು ನೋಡುವ ಹಾಗೆ.
ಏನೂ ಕೇಳಲಿಲ್ಲ. ಪರದೆಯ ಹಿಂದೆ ಹೋದಳು.

ಎಣಿಕೆ ಬುಧವಾರ.