ಹಿತ್ತಾಳೆಯ ನಲ್ಲಿ

ಮೂರು ವಾರ ಸೀಮೆಎಣ್ಣೆ ಕುಡಿದೂ
ಪಿಸ್ಟನ್ ಜಪ್ಪಯ್ಯ ಅನ್ನಲಿಲ್ಲ.
ನಾಲ್ಕನೆಯ ವಾರ ಬರ್ಚ್ ಮರದ ತುಂಡಿಟ್ಟು
ದಿನಕ್ಕೆ ಹತ್ತೇ ಏಟು ಹಾಕಿದೆ,
ಊಟಕ್ಕೆ ಮುಂಚೆ ಗುಳಿಗೆ ನುಂಗುವ ಹಾಗೆ.
ಒಂದು ಗುರುವಾರ ಅದು
ಕೂದಲೆಳೆಯಷ್ಟು ಸರಿಯಿತು.
ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ,
ಬೆಕ್ಕಿಗೆ ಹೇಳಿದೆ.

ಒಂದೂವರೆ ಕುದುರೆಯ ಬಲ, ಒಂದೇ ಸಿಲಿಂಡರು,
ಎರಡು ಗಾಲಿ, ನೆತ್ತಿಯ ಮೇಲೆ ನೀರಿನ ತೊಟ್ಟಿ.
ಕ್ಯಾನೋರಾದ ಬಡಗಲಿಗೆ, ನಮ್ಮ ಹೊಲದಲ್ಲಿ,
ಬಾವಿಯಿಂದ ನೀರೆತ್ತುತ್ತಿತ್ತು, ಓಟ್ಸ್ ನುರಿಯುತ್ತಿತ್ತು,
ಸೋಮವಾರ ಅಮ್ಮನ ಬಟ್ಟೆ ಒಗೆಯುತ್ತಿತ್ತು.
ಆಮೇಲೆ ಅರವತ್ತೆರಡು ವರ್ಷ
ಮುಳ್ಳುಕಂಟಿಯೊಳಗೆ ಕೂತಿತ್ತು.
ಹೊಗೆಕೊಳವೆಯಲ್ಲಿ ಇಲಿಗಳು
ಎಷ್ಟೋ ತಲೆಮಾರು ಸಂಸಾರ ಹೂಡಿದ್ದವು;
ಕೆದಕಿದರೆ ಹೊಟ್ಟು, ಗರಿ,
ಯಾರದೋ ಕೈಗವಸಿನ ಕೆಂಪು ಉಣ್ಣೆ.

ಮತ್ತೆ ಆ ಬಿರುಕು.
ತೊಟ್ಟಿಯ ಎಡಗೆನ್ನೆಯ ಮೇಲೆ ಒಂದೂವರೆ ಗೇಣು.
ನಮ್ಮ ಮನೆಯಲ್ಲಿ ಅದಕ್ಕೊಂದು ಹೆಸರಿತ್ತು:
ಡೋಕಿಯಾ ಮರೆತದ್ದು.

ಅಕ್ಟೋಬರ್ ಕೊನೆ. ಅಪ್ಪ ಗೋಧಿ ತೂಗಿಸಲು ಹೊರಟವನು
ಬಂಡಿಯ ಮೇಲಿಂದಲೇ ಹೇಳಿದ:
ಕತ್ತಲಾಗುವ ಮುಂಚೆ ತೊಟ್ಟಿಯ ನಲ್ಲಿ ಬಿಡು,
ಇವತ್ತು ರಾತ್ರಿ ಹೆಪ್ಪುಗಟ್ಟುತ್ತದೆ.
ಅಕ್ಕನಿಗೆ ಹನ್ನೊಂದು, ನನಗೆ ಏಳು.
ಬೆಳಗ್ಗೆ ಎರಕದ ಕಬ್ಬಿಣ ಸೀಳಿ
ಮಂಜುಗಡ್ಡೆ ನಾಲಿಗೆ ಚಾಚಿತ್ತು.
ಬಿಟ್ಟಿದ್ದೆ, ಅಂದಳು. ನೀರು ಬಂತು, ನಿಂತಿತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.
ಆ ಚಳಿಗಾಲ ಪೂರ್ತಿ ಎರಡು ಬಕೆಟ್ ಹಿಡಿದು
ಬಾವಿಗೂ ಕೊಟ್ಟಿಗೆಗೂ ನಡೆದ,
ಅವಳ ಕಿಟಕಿಯ ಮುಂದೆಯೇ.
ಎರಡು ವರ್ಷಕ್ಕೆ ಕರೆಂಟು ಬಂತು,
ಎಂಜಿನ್ ಯಾರಿಗೂ ಬೇಡವಾಯಿತು.
ಮಾತು ಮಾತ್ರ ಕೆಲಸ ಬಿಡಲಿಲ್ಲ:
ಹಾಲು ಉಕ್ಕಿದರೂ, ಕೋಳಿಗೂಡಿಗೆ ನರಿ ನುಗ್ಗಿದರೂ,
ಡೋಕಿಯಾ ಅಲ್ಲವೇ, ಅನ್ನುತ್ತಿದ್ದೆವು.
ನಾನೂ ಅನ್ನುತ್ತಿದ್ದೆ.

ಮಾರ್ಚಿನಲ್ಲಿ ಆ ನಲ್ಲಿ ಬಿಚ್ಚಿ ಬೆಂಚಿನ ಮೇಲಿಟ್ಟು
ತಂತಿ ತೂರಿಸಿದೆ. ಹೋಗಲಿಲ್ಲ.
ಸಣ್ಣ ಬೈರಿಗೆ ಹಿಡಿದು ಕೈಯಲ್ಲೇ ತಿರುಗಿಸಿದೆ:
ಮೊದಲು ತುಕ್ಕು,
ಆಮೇಲೆ ನಮ್ಮ ಬಾವಿಯದೇ ಸುಣ್ಣ,
ಅದರೊಳಗೆ ಕಲ್ಲಾಗಿ ಕೂತ
ಒಂದು ಓಟ್ಸ್ ಕಾಳು.
ಹಿಡಿಕೆ
(ಎರಡು ಸಲ ನೋಡಿದೆ, ದೀಪ ಹತ್ತಿರ ತಂದು ಇನ್ನೊಮ್ಮೆ)
ತೆರೆದ ಕಡೆಗೇ ಇತ್ತು.
ಅಪ್ಪ ಇದನ್ನು ನೋಡಿರಲಿಲ್ಲವೇ?
ನೋಡಿದ್ದನೇ?

ಯಾರ್ಕ್‌ಟನ್ನಿನಿಂದ ಬಂದಳು, ಕೋಟು ಬಿಚ್ಚಲಿಲ್ಲ.
ನೋಡಿದಳು. ಕನ್ನಡಕ ತೆಗೆದು ಮತ್ತೆ ನೋಡಿದಳು.
ಹೇಳಿದ್ದೆನಲ್ಲ, ಅಂದಳು,
ಬಸ್ಸು ತಡವಾಯಿತು ಅನ್ನುವ ಧಾಟಿಯಲ್ಲಿ.
ನಲ್ಲಿಯನ್ನು ಕಿಸೆಗೆ ಇಳಿಸಿದಳು.
ಅಯ್ಯೋ, ಅದು ಬೇಕು ನನಗೆ,
ಆ ಅಳತೆಯದು ಈಗ ಎಲ್ಲೂ ಸಿಗುವುದಿಲ್ಲ.
ಹುಡುಕು, ಅಂದಳು.

ಹುಡುಕಿದೆ. ಏಳು ವಾರ.

ಕಾರ್ನಿ ಫ್ರೀಸನ್ ಬಿರುಕಿನುದ್ದಕ್ಕೂ ತೂತು ಕೊರೆದು
ತಿರುಪು ತಿರುಪಾಗಿ ಕಬ್ಬಿಣ ಹೊಲಿದ.
ಈ ಗಾಯ ಕಾಣುವ ಹಾಗೇ ಬಿಡು, ಅಂದ, ಇತಿಹಾಸ.
ಅಕ್ಕ ಅಂದಳು: ಬಣ್ಣ ಬಳಿ. ಸಾಕು ನೋಡಿದ್ದು.
ಮೂರು ಕೋಟು ಹಸಿರು ಬಳಿದೆ.

ಜೂನಿನ ಭಾನುವಾರ ಹ್ಯಾಂಡಲ್ ಅವಳ ಕೈಗೆ ಕೊಟ್ಟೆ.
ಹೆಬ್ಬೆರಳು ಸುತ್ತಬೇಡ, ಒದೆಯುತ್ತದೆ, ಅಂದೆ.
ಗೊತ್ತು, ಅಂದಳು.
ಮೂರನೆಯ ಸುತ್ತಿಗೆ ಢಂ ಅಂದು
ಬೆಕ್ಕು ಬೇಲಿ ಹಾರಿತು.
ಒಂದು ಢಂ, ಆಮೇಲೆ ಏಳೆಂಟು ಸುತ್ತು ಬರೀ ಉಸಿರು;
ಹೊರೆ ಇಲ್ಲದಾಗ ಅದು ಹಾಗೇ,
ಬೇಕಾದಷ್ಟೇ ಸಿಡಿದು
ಮಿಕ್ಕದ್ದನ್ನು ಗಾಲಿಯ ತೂಕಕ್ಕೆ ಬಿಡುತ್ತದೆ.
ಸಂಜೆಯವರೆಗೂ ಎದುರಿಗೆ ಕುರ್ಚಿ ಹಾಕಿ ಕೂತಳು.

ನಿಲ್ಲಿಸಿದ ಮೇಲೆ ಬಗ್ಗಿ ಹೊಸ ನಲ್ಲಿ ತಿರುಗಿಸಿದಳು.
ಜೂನ್ ತಿಂಗಳು, ಅಕ್ಕ, ಹೆಪ್ಪುಗಟ್ಟುವ ಮಾತೆಲ್ಲಿ, ಅಂದೆ.
ನೀರು ಬಂತು, ಬೆಚ್ಚಗೆ,
ಅವಳ ಬೂಟಿನ ಸುತ್ತ ಹರಿದು, ಸಣ್ಣಗಾಗಿ, ನಿಂತಿತು.
ಅವಳು ಕದಲಲಿಲ್ಲ.
ಮುಡಿಯಿಂದ ಪಿನ್ನೊಂದು ತೆಗೆದು
ನೆಟ್ಟಗೆ ಮಾಡಿ
ನಲ್ಲಿಯ ಬಾಯಿಗೆ ತೂರಿಸಿದಳು.