ಶೇಷ

ಲಮಾರಾ ಮೇಡಂ ಕೊನೆತನಕ ಸೀಸದಕಡ್ಡಿಯನ್ನೇ ನಂಬಿದ್ದರು.
ಯಂತ್ರಕ್ಕೆ ಅನುಮಾನ ಬರುವುದಿಲ್ಲ, ನಿನಗೆ ಬರುತ್ತದೆ,
ಅದಕ್ಕೇ ನಿನಗೆ ಸಂಬಳ, ಎನ್ನುತ್ತಿದ್ದರು.

ತ್ಬಿಲಿಸಿಯ ಬೆಟ್ಟದ ಮೇಲೆ, ಕೇಬಲ್ ಕಾರು ಕೆಟ್ಟುನಿಂತ ಕಡೆ,
ಮೂರನೆಯ ಮಹಡಿ: ಸಮೂಹಗಣಿತ ಇಲಾಖೆ.
ಮದುವೆ ಎಷ್ಟು, ಉಪ್ಪು ಎಷ್ಟು ಟನ್ನು,
ಬಾಗಿಲಿಗೆ ಎರಡನೆಯ ಬೀಗ ಹಾಕಿಸಿದವರೆಷ್ಟು,
ಎಷ್ಟು ಔತಣಗಳಲ್ಲಿ
ಹಾಡಿಗೆ ಮೂರನೆಯ ದನಿ ಸಿಗದೆ
ಇಬ್ಬರೇ ಮುಗಿಸಿ ಗ್ಲಾಸು ಎತ್ತಿದರು,
ಎಲ್ಲ ಸುರಿದು ಅಲ್ಲಾಡಿಸಿದರೆ
ಜರಡಿಯ ಕೆಳಗೆ
ಇನ್ನೂ ಬಾರದ ವರ್ಷಗಳು ಹಿಟ್ಟಿನಂತೆ ಉದುರುತ್ತಿದ್ದವು.

ನಿಯಮ ಎರಡೇ.
ಹತ್ತು ಲಕ್ಷಕ್ಕಿಂತ ಕಡಿಮೆ ಜನರ ಬಗ್ಗೆ ಬಾಯಿ ಬಿಡಬಾರದು.
ಯಾರ ಬಗ್ಗೆ ಗೊತ್ತಾಯಿತೋ ಅವರಿಗೆ ಹೇಳಬಾರದು.

ಆ ಮಾರ್ಚಿಯಲ್ಲಿ ಉತ್ತರ ಬಂತು, ಮೂರು ಸಲ ತಾಳೆ ನೋಡಿದೆ:
ಇಪ್ಪತ್ತಾರು ವರ್ಷ. ನದಿಯ ಈಚೆ ದಂಡೆ ಖಾಲಿ.
ಯುದ್ಧವಲ್ಲ, ರೋಗವಲ್ಲ,
ಒಬ್ಬರು ಎದ್ದರೆಂದು ಇನ್ನೊಬ್ಬರು ಏಳುತ್ತಾರಲ್ಲ
ಊಟದ ಕೊನೆಗೆ, ಹಾಗೆ.

ಸಂಜೆ ಇಳಿದು ಬಂದೆವು ರೊಟ್ಟಿಗೆ.
ಗೋದೆರ್ಜಿ ಸೊಂಟದ ತನಕ ಒಲೆಯೊಳಗೆ ಬಾಗಿ
ಗೋಡೆಗೆ ಹಿಟ್ಟು ಬಡಿದು ಮೇಲೆದ್ದ, ಹುಬ್ಬು ಸುಟ್ಟ ಮುಖ.
"ನೀವು ಲೆಕ್ಕದವರು. ಹೇಳಿ,
ಇನ್ನೊಂದು ಒಲೆ ಕಟ್ಟಲೇ? ಮಗಳು ಕಲಿಯುತ್ತೇನೆ ಅಂತಾಳೆ."

ಮೇಡಂ ಅಂಗೈಯ ಚಿಲ್ಲರೆಯನ್ನು ಎಣಿಸಿದರು.
ಮತ್ತೆ ಎಣಿಸಿದರು.
"ಮಣ್ಣು ಎಲ್ಲಿಂದ ತರ್ತೀಯ?" ಅಂದರು.

ಅವನು ಅರ್ಧ ಗಂಟೆ ಮಣ್ಣಿನ ಬಗ್ಗೆಯೇ ಮಾತಾಡಿದ.
ಮೇಕೆಯ ಕೂದಲು ಬೆರೆಸಬೇಕಂತೆ, ಬಿರುಕು ಬಿಡದಿರಲು.
ರೊಟ್ಟಿ ಆರಿತು.

ಅವರು ಹೋದ ಮೇಲೆ ಕಡತ ನನ್ನ ಕೈಗೆ ಬಂತು.
ನಾಲ್ಕು ನೂರು ಪುಟದ ಕೂಡು ಕಳೆ,
ತುದಿಯಲ್ಲಿ ಶೇಷದ ಕಾಲಂ,
ಅದರಲ್ಲಿ ಅವರದೇ ಗೀಚು: ಒಲೆ, ೧.
ಸೇರಿಸಿ ನೋಡಿದೆ.
ಏಳನೆಯ ದಶಮಾಂಶವೂ ಅಲುಗಲಿಲ್ಲ.

ಇದು ಹತ್ತೊಂಬತ್ತನೆಯ ವರ್ಷ.
ಷಟರುಗಳು ಹೇಳಿದ ತಿಂಗಳಿಗೇ ಇಳಿಯುತ್ತಿವೆ,
ಎರಡು ಬೀದಿ ಹೆಚ್ಚುಕಡಿಮೆ. ಗಣಿತ ಸುಳ್ಳಾಡಲಿಲ್ಲ.
ಬೆಳಿಗ್ಗೆ ಆರಕ್ಕೆ ಎರಡು ಕಿಂಡಿಗಳಿಂದ ಹೊಗೆ.
ಮಗಳು ಸೊಂಟದ ತನಕ ಬಾಗುತ್ತಾಳೆ, ಥೇಟ್ ಅಪ್ಪ.

ಹಾಳು ಅಭ್ಯಾಸ, ಸಾಲು ಎಣಿಸುತ್ತೇನೆ:
ನನ್ನನ್ನೂ ಸೇರಿಸಿ ಹನ್ನೊಂದು.
ಹತ್ತು ಲಕ್ಷಕ್ಕೆ ತುಂಬ ಕಡಿಮೆ. ಬಾಯಿ ಬಿಡಬಾರದು.

ಬಿಟ್ಟೆ,
ಬಿಸಿ ರೊಟ್ಟಿಗೆ.